ತಾನೇ ಹಾಕ್ತು ಅಂದಿದ್ದೆ

ಲೋ ಅರ್ಧ ಡಾಕ್ಟ್ರೇ,

"ಕೆಂಪಿ ಹೇಗಿದ್ದಾಳೆ" ಅಂತ ನೀನು ಮೂರು ಸಲ ಕೇಳಿದೆ. ಮೂರು ಸಲವೂ ಹೆಬ್ಬೆರಳ ಚಿತ್ರ ಕಳಿಸಿ ತಪ್ಪಿಸಿಕೊಂಡೆ. ಇವತ್ತು ಕೂತು ಬರೀತಿದ್ದೀನಿ. ನಾಲ್ಕು ಜನ ಓದೋ ಜಾಗದಲ್ಲಿ ಯಾಕೋ ಇದೆಲ್ಲ ಅಂತ ನೀನು ಬಯ್ತೀಯ, ಗೊತ್ತು. ಕಾರಣ ಇದೆ, ಆಮೇಲೆ ಹೇಳ್ತೀನಿ. ಛತ್ರಿ ವಿಷಯ ಎತ್ತಲ್ಲ, ಹೆದರಬೇಡ.

ಮೊದಲು ಸುದ್ದಿ. ನಮ್ಮ ಹಸು ಕೆಂಪಿ ನಿಂತಿದ್ದಾಳೆ. ಕರು ಹಾಕಿ ಇವತ್ತಿಗೆ 19 ದಿನ. ಹಿಂದಿನ ಎಡಗಾಲಿನ ಗೊರಸು ಆಗಾಗ ಮಡಚಿಕೊಂಡು ನೆಲ ಕೆರೆಯುತ್ತೆ. ಕತ್ತಲಲ್ಲಿ ಮೆಟ್ಟಿಲು ಇಳಿಯೋರ ಹಾಗೆ ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿ ಇಡ್ತಾಳೆ. ಮೆಲುಕು ಚೆನ್ನಾಗಿದೆ. ಹಾಲು ಹೋದ ಸೂಲಿನಷ್ಟಿಲ್ಲ, ಇರಲಿ. ಕರು ಮಾತ್ರ ನಿನ್ನ ಹಾಗೆ. ತಿನ್ನೋದು, ಹಾರೋದು, ಯಾರ ಕಾಲ ಮೇಲೋ ಬೀಳೋದು.

ಆ ಫೋಟೋ ನೆನಪಿದೆಯಾ? ಒದ್ದೆ ಕರು ನನ್ನ ತೊಡೆ ಮೇಲೆ, ನನ್ನ ಅಂಗಿಯೆಲ್ಲ ಲೋಳೆ. "ರಾತ್ರಿ ಎರಡೂವರೆ. ಎಳೆದು ಉಳಿಸಿದೆ" ಅಂತ ಕೆಳಗೆ ಬರೆದಿದ್ದೆ. ನೀನು "ಹೀರೋ ಕಣೋ" ಅಂದಿದ್ದೆ. ಇನ್ನೂ ಎಷ್ಟೋ ಜನ ಕೈ ಮುಗಿದಿದ್ರು. ನಾನು ಒಬ್ಬೊಬ್ಬರಿಗೂ ಧನ್ಯವಾದ ಹೇಳ್ತಾ ಕೂತಿದ್ದೆ. ಆ ಹೊತ್ತಿಗೆ ಕೆಂಪಿ ನನ್ನ ಬೆನ್ನ ಹಿಂದೆ ಏಳೋಕೆ ನೋಡ್ತಿದ್ದಳು. ಆಗ್ತಿರಲಿಲ್ಲ.

ನಡೆದಿದ್ದು ಹೀಗೆ. ಇದು ಅವಳ ಮೂರನೇ ಸೂಲು. ಲೆಕ್ಕಕ್ಕಿಂತ ಒಂದು ವಾರ ಮುಂದೆ ಹೋಗಿತ್ತು, ಹೊಟ್ಟೆ ನೋಡಿದ್ರೇ ಕರು ದೊಡ್ಡದು ಅಂತ ಗೊತ್ತಾಗ್ತಿತ್ತು. ರಾತ್ರಿ ಒಂದೂಕಾಲಿಗೆ ನೀರ್ಚೀಲ ಒಡೀತು. ಅರ್ಧ ಗಂಟೆಯಲ್ಲಿ ಎರಡು ಗೊರಸು ಕಾಣಿಸಿದವು, ಅಂಗಾಲು ಕೆಳಮುಖ, ಅಂದ್ರೆ ಮುಂಗಾಲುಗಳು. ದನದ ಡಾಕ್ಟರಿಗೆ ಫೋನ್ ಮಾಡಿದೆ. "ಕೈ ತೊಳ್ಕೊಂಡು ಒಳಗೆ ಮುಟ್ಟಿ ನೋಡು, ಮೂತಿ ಸಿಗುತ್ತಾ?" ಅಂದ್ರು. ಸಿಕ್ತು. ನಾಲಿಗೆಯೂ ಸಿಕ್ತು, ನನ್ನ ಬೆರಳನ್ನ ಸಣ್ಣಗೆ ಚೀಪಿತು. ಆ ಚೀಪಿದ್ದು ಇನ್ನೂ ಬೆರಳಲ್ಲಿದೆ ಕಣೋ. "ಹಂಗಿದ್ರೆ ಕರು ಸರಿಯಾಗೇ ಬರ್ತಿದೆ. ಬದುಕೂ ಇದೆ. ಹಗ್ಗ ಮುಟ್ಟಬೇಡಿ. ಅವಳಿಗೆ ಟೈಮ್ ಕೊಡಿ. ಮುಕ್ಕಾಲು ಗಂಟೇಲಿ ಬಂದೆ."

ನಾವು ಇಪ್ಪತ್ತು ನಿಮಿಷ ತಡೆದ್ವಿ.

ನಾವು ಅಂದೆ ನೋಡು. ನಾನು ತಡೆದೆ ಇಪ್ಪತ್ತು ನಿಮಿಷ. ಉಳಿದವರು ಕಾಯೋಣ ಅಂತಲೇ ಅಂದಿದ್ರು. ಹಗ್ಗ ತಂದವನು ನಾನು, ಕುಣಿಕೆ ಹಾಕಿದವನು ನಾನು. ತಲೆ ಬಂತು, ಭುಜ ಬಂತು, ಸೊಂಟದ ಹತ್ತಿರ ಸಿಕ್ಕಿಕೊಂಡಿತು. ಆಮೇಲೆ ನಾವು ಎಳೆದಿದ್ದು ಹಗ್ಗಜಗ್ಗಾಟದಲ್ಲಿ ಎಳೆಯೋ ಹಾಗೆ, ನೇರವಾಗಿ, ಬಿಡದೆ, ಅವಳು ತಿಣುಕಿದಾಗಲೂ ತಿಣುಕದಾಗಲೂ. ಅವಳು ತಿಣುಕಿದಾಗ ಮಾತ್ರ ಎಳೀಬೇಕು, ಅವಳು ಬಿಟ್ಟಾಗ ಬಿಡಬೇಕು, ತಲೆ ಬಂದ ಮೇಲೆ ಕೆಳಕ್ಕೆ, ಅವಳ ಹಿಂಗಾಲ ಕಡೆಗೆ ಎಳೀಬೇಕು, ಸೊಂಟ ಸಿಕ್ಕಿದ್ರೆ ಕರುವನ್ನ ಸ್ವಲ್ಪ ಮಗ್ಗುಲಿಗೆ ತಿರುಗಿಸಿದ್ರೆ ದಾರಿ ಸಿಗುತ್ತೆ. ಇದೆಲ್ಲ ನನಗೆ ಈಗ ಬಾಯಿಪಾಠ. ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಕರು ಬಂತು. ಮೂಗಿಗೆ ಹುಲ್ಲುಕಡ್ಡಿ ಹಾಕಿದೆ, ಸೀನಿತು. ಹೊಕ್ಕುಳಿಗೆ ಅಯೋಡಿನ್ ಹಚ್ಚಿದೆ. ಡಾಕ್ಟರಿಗೆ ಫೋನ್ ಮಾಡಿ, "ಬರಬೇಡಿ ಸಾರ್, ತಾನೇ ಹಾಕ್ತು" ಅಂದೆ.

ಅವರು ಆಗಲೇ ಅರ್ಧ ದಾರಿ ಬಂದಿದ್ರಂತೆ. "ಒಳ್ಳೇದಾಯ್ತು, ಗಿಣ್ಣು ಹಾಲು ಬೇಗ ಕುಡಿಸಿ" ಅಂತ ವಾಪಸ್ ಹೋದ್ರು.

ಕುಡಿಸಿದೆ. ಅದೊಂದನ್ನ ಸರಿಯಾಗಿ ಮಾಡಿದೆ. ಮಲಗಿದ್ದ ಹಸುವಿನ ಕೆಚ್ಚಲಿಗೆ ಪಕ್ಕದಿಂದ ಕೈ ಹಾಕಿ ಕರೆದು, ಕರು ಹುಟ್ಟಿದ ಎರಡು ಗಂಟೆಯೊಳಗೆ ಬಾಟಲಿಯಲ್ಲಿ ನಿಧಾನಕ್ಕೆ ಕುಡಿಸಿದೆ. ಹೊತ್ತು ಕಳೆದಷ್ಟೂ ಆ ಹಾಲಿನ ರೋಗ ತಡೆಯೋ ಗುಣ ಕರುವಿನ ಕರುಳಿನಿಂದ ರಕ್ತಕ್ಕೆ ಇಳಿಯಲ್ಲ, ಒಂದು ದಿನ ಕಳೆದ್ರೆ ಬಾಗಿಲೇ ಮುಚ್ಚಿತು ಅಂತ ಲೆಕ್ಕ. 30 ಕೆ.ಜಿ. ಕರುವಿಗೆ ಮೊದಲ ಕೆಲವು ಗಂಟೆಗಳಲ್ಲಿ ಸುಮಾರು 3 ಲೀಟರ್.

ಬೆಳಿಗ್ಗೆ ಎಂಟಕ್ಕೆ ಮತ್ತೆ ಕರೆಸಿದೆ. ಕೆಂಪಿ ಎದ್ದಿರಲಿಲ್ಲ. ಡಾಕ್ಟರ್ ಮಂಡಿಯೂರಿ ಕೂತು ಕೇಳಿದ್ರು, "ಕರು ಸಲೀಸಾಗಿ ಬಂತಲ್ಲ? ಎಳೆದಿಲ್ಲ ತಾನೆ?" ಬಾಯಿ ಬಿಟ್ರೆ ಸಾಕಿತ್ತು. "ಇಲ್ಲ ಸಾರ್, ತಾನೇ ಹಾಕ್ತು" ಅಂದೆ. ಎರಡನೇ ಸಲ ಹೇಳುವಾಗ ಸುಳ್ಳು ಎಷ್ಟು ಸಲೀಸಾಗಿ ಬರುತ್ತೆ ಗೊತ್ತಾ? ಅದಕ್ಕೆ ಯಾರೂ ಹಗ್ಗ ಹಾಕಬೇಕಾಗಿಲ್ಲ.

ಮೂರನೇ ಸೂಲು, ಕರು ಹಾಕಿ ಕೆಲವೇ ಗಂಟೆ, ಏಳ್ತಿಲ್ಲ. ಇಷ್ಟು ಕೇಳಿದ ಯಾರಿಗಾದ್ರೂ ಮೊದಲು ನೆನಪಾಗೋದು ಹಾಲುಜ್ವರ. ಹೆಸರಿಗೆ ಜ್ವರ, ಮೈ ತಣ್ಣಗಾಗುತ್ತೆ. ಹಾಲಿಗೆ ಸುಣ್ಣದಂಶವೆಲ್ಲ ಹರಿದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯೋದು. ಡಾಕ್ಟರ್ ಅವಳ ಕಿವಿ ಹಿಡಿದು ನೋಡಿ "ಬೆಚ್ಚಗಿದೆಯಲ್ಲ…" ಅಂತ ತಮ್ಮಷ್ಟಕ್ಕೆ ಗೊಣಗಿದ್ರು. ನಾನು ಕೇಳಿಸಿಕೊಂಡೆ. ಸುಮ್ಮನಿದ್ದೆ. ಕುತ್ತಿಗೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದ್ರು, ತುಂಬ ನಿಧಾನಕ್ಕೆ, ಒಂದು ಕೈಯಲ್ಲಿ ಸ್ಟೆತಸ್ಕೋಪು. ಜೋರಾಗಿ ಬಿಟ್ರೆ ಎದೆಬಡಿತವೇ ನಿಲ್ಲಬಹುದು.

ಬಾಟಲಿ ಇಳಿಯೋ ಹೊತ್ತಿನಲ್ಲಿ ಅವರು ಕತೆ ಹೇಳಿದ್ರು. ಬಹಳ ಹಿಂದೆ ಹಾಲುಜ್ವರ ಅಂದ್ರೆ ಬಹುಪಾಲು ಹಸು ಹೋದ ಹಾಗೇ. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಊರಿನ ಷ್ಮಿಟ್ ಅನ್ನೋ ಪಶುವೈದ್ಯ ಕೆಚ್ಚಲೊಳಕ್ಕೇ ಔಷಧಿ ಬಿಟ್ಟು ನೋಡಿದನಂತೆ. ಹಸುಗಳು ಎದ್ದವು. ಕೆಲವೇ ವರ್ಷಗಳಲ್ಲಿ ಇನ್ನೊಂದು ಗೊತ್ತಾಯ್ತು, ಔಷಧಿಯೂ ಬೇಡ, ಕೆಚ್ಚಲಿಗೆ ಬರೀ ಗಾಳಿ ತುಂಬಿದ್ರೂ ಏಳ್ತಾವೆ. ಒಳಗೆ ಒತ್ತಡ ಹೆಚ್ಚಿದ್ರೆ ಹಾಲು ಇಳಿಯೋದು ನಿಲ್ಲುತ್ತೆ, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತೆ. "ಕಾರಣ ಗೊತ್ತಿಲ್ಲದೇನೆ ವಾಸಿ ಮಾಡ್ತಿದ್ರು ನೋಡಿ" ಅಂತ ನಕ್ಕರು. ನಾನೂ ನಕ್ಕೆ. ಅಲ್ಲಿ ಕಾರಣ ಗೊತ್ತಿದ್ದವನು ನಾನೊಬ್ಬನೇ.

ಹಾಲುಜ್ವರವಾಗಿದ್ರೆ ಬಾಟಲಿ ಮುಗಿಯೋ ಹೊತ್ತಿಗೆ ಮೈ ನಡುಗಿ, ತೇಗಿ, ಸಗಣಿ ಹಾಕಿ, ಸ್ವಲ್ಪ ಹೊತ್ತಲ್ಲಿ ಎದ್ದು ನಿಲ್ಲಬೇಕಿತ್ತು. ಕೆಂಪಿ ಹುಲ್ಲು ತಿಂದಳು, ನೀರು ಕುಡಿದಳು, ನಮ್ಮನ್ನೇ ನೋಡ್ತಾ ಕೂತಳು. ಸಂಜೆವರೆಗೆ ನೋಡೋಣ ಅಂದ್ರು. ಮಧ್ಯಾಹ್ನ ಅವಳೇ ಏಳೋಕೆ ಹೋದಳು. ಒದ್ದೆ ಸಿಮೆಂಟು ನೆಲ. ಹಿಂಗಾಲು ಎರಡೂ ಆಚೆ ಈಚೆ ಜಾರಿ, ಕಪ್ಪೆ ಹಾಗೆ ಅಗಲಿ, ಹೊಟ್ಟೆ ಮೇಲೆ ದೊಪ್ಪನೆ ಬಿದ್ದಳು. ಆ ಸದ್ದು ಬರೆಯೋಕೆ ಬರಲ್ಲ ಕಣೋ. ಇನ್ನೊಂದು ಸಲ ಎದ್ದಳು. ಇನ್ನೊಂದು ಸಲ ಬಿದ್ದಳು.

ಸಂಜೆ ಡಾಕ್ಟರ್ ಕರು ತೋರಿಸಿ ಅಂದ್ರು. ಮೂಲೆಯಲ್ಲಿ ಗೋಣಿ ಹೊದಿಸಿ ಮಲಗಿಸಿದ್ದೆ. ಗೋಣಿ ಸರಿಸಿ, ಮುಂಗಾಲು ಎತ್ತಿ, ಗೊರಸಿನ ಮೇಲಿನ ಕೀಲಿನ ಹತ್ತಿರ ಹೆಬ್ಬೆರಳಲ್ಲಿ ಕೂದಲು ಹಿಂದಕ್ಕೆ ಸವರಿದ್ರು. ಸುತ್ತಲೂ ಬಳೆಯ ಹಾಗೆ ಹಗ್ಗದ ಬರೆ, ಕೆಂಪಗೆ, ಊದಿಕೊಂಡು. ಎರಡೂ ಕಾಲಿಗೆ. ಅವರು ಬಯ್ಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಕರುವಿನ ಕಾಲನ್ನೇ ನೋಡ್ತಾ, "ಎಷ್ಟು ಜನ ಎಳೆದ್ರಿ?" ಅಂದ್ರು.

"ಇಬ್ಬರು."

ಮೂವರು ಕಣೋ. ಸಿಕ್ಕಿಬಿದ್ದ ಮೇಲೂ ಒಬ್ಬನನ್ನ ಬಚ್ಚಿಟ್ಟೆ.

ಆಮೇಲೆ ಅವರು ವಿವರಿಸಿದ್ರು. ತೊಡೆಗಳನ್ನ ಒಳಕ್ಕೆ ಹಿಡಿದಿಡೋ ನರಗಳು ಅವಳ ಸೊಂಟದ ಮೂಳೆಯ ಒಳಗೋಡೆಗೇ ಅಂಟಿಕೊಂಡು ಹೋಗ್ತವೆ. ದೊಡ್ಡ ಕರು ಅಲ್ಲಿ ಸಿಕ್ಕಿ, ಮೇಲಿಂದ ನಮ್ಮಂಥೋರ ಜಗ್ಗಾಟವೂ ಸೇರಿದ್ರೆ ಅವು ಜಜ್ಜಿ ಹೋಗ್ತವೆ. ಬಹಳಷ್ಟು ಸಲ ಚೇತರಿಸಿಕೊಳ್ತವೆ, ಆದ್ರೆ ಅಲ್ಲಿವರೆಗೆ ಕಾಲು ಅಗಲದ ಹಾಗೆ ಕಾಯಬೇಕು. "ಬೆಳಿಗ್ಗೇನೇ ಗೊತ್ತಾಗಿದ್ರೆ ಬೆಳಿಗ್ಗೇನೇ ಕಟ್ತಿದ್ವಿ." ಅಷ್ಟೇ ಅಂದಿದ್ದು. ನಾಲ್ಕು ಬಾರಿಸಿದ್ರೆ ಸುಖವಾಗಿರುತ್ತಿತ್ತು.

ಹಳೇ ಬಾಗಿಲೊಂದರ ಮೇಲೆ ಅವಳನ್ನ ಉರುಳಿಸಿ, ಬಾಗಿಲು ಸಮೇತ ಎಳೆದು ಹೊರಗೆ ಮೆತ್ತನೆ ಮಣ್ಣಿಗೆ ತಂದ್ವಿ. ಒಂದಡಿ ಮರಳು, ಮೇಲೆ ಒಣಹುಲ್ಲು. ಬಟ್ಟೆ ಸುತ್ತಿದ ಹಗ್ಗದಲ್ಲಿ ಹಿಂಗಾಲು ಎರಡನ್ನೂ, ನಡುವೆ ಸುಮಾರು ಒಂದೂವರೆ ಅಡಿ ಬಿಟ್ಟು, ಸೇರಿಸಿ ಕಟ್ಟಿದ್ರು. ಊತ ಇಳಿಯೋಕೆ ಸೂಜಿ. ಕರು ಹುಟ್ಟಿದ ಮೇಲೆ ಬೀಳಬೇಕಾದ ಮಾಸು ಇನ್ನೂ ಬಿದ್ದಿರಲಿಲ್ಲ, ಬಾಲದ ಕೆಳಗೆ ಜೋತಾಡ್ತಿತ್ತು. ಅದನ್ನ ತೋರಿಸಿ ಡಾಕ್ಟರ್ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ರು, "ಇದನ್ನಾದ್ರೂ ಎಳೀಬೇಡಿ."

ಎಳೀಲಿಲ್ಲ. ಆರನೇ ದಿನ ತಾನೇ ಬಿತ್ತು. ಈ ಸಲ ನಿಜಕ್ಕೂ ತಾನೇ. ಅಲ್ಲಿವರೆಗೆ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಹಿಡಿದು ಅವಳ ಹಿಂದೆ ಕೂತಿರ್ತಿದ್ದೆ. 101.5 ಇದ್ರೆ ನಿರಾಳ, 103 ದಾಟಿದ್ರೆ ಫೋನ್. ದಾಟಲಿಲ್ಲ. ವಾಸನೆ ಇತ್ತು, ನಿನ್ನ ಹಾಸ್ಟೆಲ್ ರೂಮಿಗಿಂತ ಕಮ್ಮಿ.

ಕಷ್ಟದ ಕೆಲಸ ಅಂದ್ರೆ ಮಗ್ಗುಲು ಬದಲಿಸೋದು. ಮೂರು ನಾಲ್ಕು ಗಂಟೆಗೊಮ್ಮೆ, ಹಗಲೂ ರಾತ್ರಿ. 400 ಕೆ.ಜಿ. ಮೈ ಒಂದೇ ಕಾಲಿನ ಮೇಲೆ ಕೂತ್ರೆ ಕೆಳಗಿನ ಮಾಂಸವೇ ಸತ್ತುಹೋಗುತ್ತೆ, ಆಮೇಲೆ ನರ ಸರಿಹೋದ್ರೂ ಏಳಲ್ಲ. ನಾನು ಅವಳ ಭುಜಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕಾಲೂರಿ ನೂಕಬೇಕು, ಇನ್ನೊಬ್ಬರು ಹಿಂಗಾಲು ಮಡಚಿ ಆಚೆ ತರಬೇಕು. ಹೊರಳೋವಾಗ ಹೊಟ್ಟೆಯೊಳಗಿಂದ ಒಂದು ಉಸಿರು ಬಿಡ್ತಿದ್ದಳು. ಕೆಳಗಿದ್ದ ಮಗ್ಗುಲು ಮೇಲೆ ಬಂದಾಗ ಅಲ್ಲಿನ ಚರ್ಮ ಬಿಸಿಬಿಸಿ, ಬೆವೆತು, ಮೇಲೆ ಹುಲ್ಲಿನ ಒಂದೊಂದು ಎಳೆಯ ಅಚ್ಚೂ ಮೂಡಿರ್ತಿತ್ತು. ಅದನ್ನ ಅಂಗೈಯಲ್ಲಿ ತಿಕ್ತಾ ಕೂತಿರ್ತಿದ್ದೆ. ಗಂಜಲದಲ್ಲಿ ನೆನೆದ ಕೆಚ್ಚಲು ತೊಳೆದು ಒರೆಸಬೇಕು, ಇಲ್ಲದಿದ್ರೆ ಕೆಚ್ಚಲುಬಾವು.

ಮೂರನೇ ರಾತ್ರಿ ಹಾಗೆ ಕೂತಿದ್ದಾಗ ಒಂದು ಯೋಚನೆ ಬಂತು. ಅವಳ ನೋವು ನೋಡೋಕಾಗದೆ ಎಳೆದೆ ಅಂತ ಎಲ್ಲರಿಗೂ ಹೇಳ್ತಾ ಬಂದಿದ್ದೆ. ಅವಳಿಗೆ ಅಷ್ಟೊತ್ತಿಗೆ ಅಂಥ ಅವಸರವೇನೂ ಇರಲಿಲ್ಲ. ನಿಧಾನಕ್ಕೆ, ತನ್ನ ಲೆಕ್ಕದಲ್ಲಿ ತಿಣುಕುತ್ತಿದ್ದಳು. ಕೈ ಕಟ್ಟಿ ನಿಲ್ಲೋಕೆ ಆಗದೇ ಇದ್ದಿದ್ದು ನನಗೆ. ನನ್ನ ಹೊಟ್ಟೆಯೊಳಗಿನ ತಳಮಳ ಮುಗೀಬೇಕಿತ್ತು, ಅದಕ್ಕೆ ಕರು ಹೊರಗೆ ಬರಬೇಕಿತ್ತು. ಇನ್ನೂ ಒಂದು ಹೇಳಿಬಿಡ್ತೀನಿ. ಅದೇ ರಾತ್ರಿ, ಇವಳು ಬೆಳಗಾಗೋದರೊಳಗೆ ಹೋಗಿಬಿಟ್ರೆ ನಿದ್ದೆಯಾದ್ರೂ ಮಾಡಬಹುದು ಅಂತ ಅನ್ನಿಸ್ತು. ಒಂದು ಕ್ಷಣ ಅಲ್ಲ, ಸುಮಾರು ಹೊತ್ತು. ಅವಳು ಕತ್ತು ತಿರುಗಿಸಿ ನನ್ನ ಮೊಣಕೈ ನೆಕ್ತಿದ್ದಳು.

ಆಗ ನೀನು ನೆನಪಾದೆ. ನಿಮ್ಮಪ್ಪ ಹೋದ ವರ್ಷ ನೀನು ಎರಡು ತಿಂಗಳು ಯಾರ ಫೋನೂ ಎತ್ತಲಿಲ್ಲ. ನಾನು ನಿಮ್ಮಣ್ಣನಿಗೆ ಹೇಳಿ, ಬಾಗಿಲು ಬಡಿಸಿ, ಎಬ್ಬಿಸಿ, ಅಂಗಿ ಹಾಕಿಸಿ, ನಾಲ್ಕು ಜನರ ನಡುವೆ ಕೂರಿಸಿದೆ. "ನಿನ್ನನ್ನ ಹೊರಗೆ ತಂದಿದ್ದು ನಾನು" ಅಂತ ಎಷ್ಟು ಸಲ ಹೇಳಿದ್ದೀನೋ. ನೀನು ಒಂದು ಸಲವೂ ಹೌದು ಅಂದಿಲ್ಲ. ಅದರ ಬಗ್ಗೆ ನಾವು ಮಾತೇ ಆಡಿಲ್ಲ. ನಿನಗೆ ಇನ್ನೂ ಸ್ವಲ್ಪ ಹೊತ್ತು ಬೇಕಿತ್ತಾ?

ಬಿಡು. ನಿನ್ನನ್ನ ಹಸುವಿಗೆ ಹೋಲಿಸಿದೆ ಅಂತ ನಾಳೆ ಎಲ್ಲರಿಗೂ ಹೇಳಿಕೊಂಡು ತಿರುಗ್ತೀಯ. ಹೋಲಿಸಿಲ್ಲ. ಹಸು ಹಾಲು ಕೊಡುತ್ತೆ.

ನಾಲ್ಕನೇ ದಿನ, ಇಬ್ಬರು ಸೊಂಟಕ್ಕೆ ಕೈ ಕೊಟ್ಟಾಗ ಹಿಂಭಾಗ ಎತ್ತಿ, ಮುಂದಿನ ಮಂಡಿ ಮೇಲೇ ಸ್ವಲ್ಪ ಹೊತ್ತು ನಿಂತು ಕುಸಿದಳು. ಐದನೇ ದಿನ ನಾಲ್ಕೂ ಕಾಲ ಮೇಲೆ ಒಂದು ನಿಮಿಷ, ನಡುಗ್ತಾ. ಏಳನೇ ದಿನ ಬಿದ್ದ ಜಾಗದಿಂದ ಗೋದಲಿವರೆಗೆ ನಡೆದಳು, ಕಾಲಲ್ಲಿ ಹಗ್ಗ ಕಟ್ಟಿಕೊಂಡೇ, ಗೋಣಿಚೀಲದ ಓಟದಲ್ಲಿ ನೀನು ಓಡಿದ ಹಾಗೆ. ನೀನು ಬಿದ್ದಿದ್ದೆ, ಇವಳು ಬೀಳಲಿಲ್ಲ. ಮುಂದಿನ ಗಬ್ಬದ ಮಾತನ್ನ ಮೂರು ತಿಂಗಳು ಎತ್ತಬೇಡಿ ಅಂದಿದ್ದಾರೆ ಡಾಕ್ಟರ್.

ಎಲ್ಲರ ಮುಂದೆ ಯಾಕೆ ಬರೆದೆ ಅಂದ್ರೆ, ಫೋಟೋ ಎಲ್ಲರ ಮುಂದೆ ಹಾಕಿದ್ದೆ. ಡಾಕ್ಟರ ಹತ್ತಿರ "ತಾನೇ ಹಾಕ್ತು", ನಿಮ್ಮೆಲ್ಲರ ಹತ್ತಿರ "ಎಳೆದು ಉಳಿಸಿದೆ". ಒಂದೇ ಕರುವನ್ನ ಎರಡು ಥರ ಹುಟ್ಟಿಸಿದ್ದೀನಿ. ಮೂರನೆಯವನ ವಿಷಯ ಹೇಳಿಬರ್ತೀನಿ ಅಂತ ಮೊನ್ನೆ ಡಾಕ್ಟರ ಹತ್ತಿರ ಹೋದೆ. ಅವರು "ಏನು ಬಂದ್ರಿ" ಅಂದ್ರು. ಕರುವಿಗೆ ಜಂತುಹುಳದ ಔಷಧಿ ಯಾವಾಗ ಅಂತ ಕೇಳಿ ಬಂದೆ.

ನಿನ್ನವನೇ,
ಹೀರೋ

ತಾ.ಕ.: ಛತ್ರಿ ಸಿಕ್ತು. ಗೋದಲಿ ಹಿಂದೆ ಇತ್ತು. ಹೇಗೆ ಅಂತ ಇಲ್ಲಿ ಕೇಳಬೇಡ, ಫೋನ್ ಮಾಡು. ಎತ್ತದಿದ್ರೆ ಎರಡನೇ ಸಲ ಮಾಡಬೇಡ, ಮಗ್ಗುಲು ಬದಲಿಸ್ತಿರ್ತೀನಿ. ಅವಳದ್ದಲ್ಲ, ನನ್ನದು. ಸೊಂಟ ಹಿಡಿದಿದೆ.