ಷೆಡ್ಯೂಲ್ ಎಚ್1 ರಿಜಿಸ್ಟರನ್ನು ಒಮ್ಮೆ ತೆರೆಸಿ ನೋಡಿ

ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಖಾತೆಯ ಮಾನ್ಯ ಸಚಿವರಿಗೆ,

ಪಿಂಪ್ರಿಯಲ್ಲಿ ಬಹುಕಾಲ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತನಾದ ಕನ್ನಡಿಗನ ವಂದನೆಗಳು. ಇದರ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ವಿಜಯಪುರ, ಕಲಬುರಗಿಯ ಕಡೆಯಿಂದ ಇಲ್ಲಿಗೆ ಗಾರೆ ಕೆಲಸಕ್ಕೆ ಬಂದಿರುವ ನಮ್ಮ ಜನರೂ ಓದಲೆಂದು ಕನ್ನಡದಲ್ಲಿಯೂ ಬರೆಯುತ್ತಿದ್ದೇನೆ. ಡಾಕ್ಟರ ಚೀಟಿಯಿಲ್ಲದೆ ಆಂಟಿಬಯಾಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಇಲ್ಲವೇ ತಡೆಯುವ ಔಷಧ) ಮಾರುವುದನ್ನು ನಿಲ್ಲಿಸಿ ಎಂಬುದೇ ನನ್ನ ಕೋರಿಕೆ.

ಕಳೆದ ಮಳೆಗಾಲದಲ್ಲಿ ಔಷಧ ಅಂಗಡಿಯೊಂದರಲ್ಲಿ ನನ್ನ ಮುಂದೆ ನಿಂತಿದ್ದ ಸಿಂದಗಿ ಕಡೆಯ ಹುಡುಗ, ಎರಡು ದಿನದಿಂದ ಜ್ವರ, ಮೈಕೈ ನೋವು ಎಂದ. ಅಂಗಡಿಯವರು ಡಾಕ್ಟರ ಚೀಟಿ ಕೇಳಲಿಲ್ಲ. ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್‌ನ ಸ್ಟ್ರಿಪ್ಪಿನಿಂದ ನಾಲ್ಕು ಗುಳಿಗೆ ಕತ್ತರಿಸಿ, ಪ್ಯಾರಾಸಿಟಮಾಲ್ ಸೇರಿಸಿ ಪೊಟ್ಟಣ ಕಟ್ಟಿದರು. ಆ ತುಂಡಿನ ಮೇಲೆ ಔಷಧದ ಪೂರ್ತಿ ಹೆಸರೂ ಇರಲಿಲ್ಲ, ಅವಧಿ ಮುಗಿಯುವ ದಿನಾಂಕವೂ ಇರಲಿಲ್ಲ. "ಜ್ವರ ಬಿಟ್ಟರ ಉಳಿದದ್ದು ಇಟ್ಕೊಂತೀನ್ರಿ, ಮತ್ತ ಬೇಕಾಗ್ತಾವು" ಎಂದು ಹುಡುಗ ನನಗೆ ಹೇಳಿದ.

ಸೆಫಿಕ್ಸಿಮ್, ಅಮಾಕ್ಸಿಸಿಲಿನ್‌ಗಳು ಬ್ಯಾಕ್ಟೀರಿಯಾ ಬೆಳೆಯುವಾಗ ಅದರ ಕೋಶದ ಗೋಡೆಯ ಹೆಣಿಗೆ ಕೂಡದಂತೆ ತಡೆಯುತ್ತವೆ. ಗಟ್ಟಿಯಾಗದ ಗೋಡೆ ಒಳಗಿನ ಒತ್ತಡ ತಾಳದೆ ಒಡೆಯುತ್ತದೆ. (ಗೋಡೆ ಕಟ್ಟುವ ಆ ಹುಡುಗನಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು.) ಇನ್ನೊಂದು ಆಂಟಿಬಯಾಟಿಕ್ ಆದ ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸದಂತೆ ಮಾಡುತ್ತದೆ. ಮಳೆಗಾಲದ ಡೆಂಗಿ, ಚಿಕೂನ್‌ಗುನ್ಯಾ ವೈರಸ್‌ಗಳಿಗೆ ಅಂಥ ಗೋಡೆಯೇ ಇಲ್ಲ, ಪ್ರೋಟೀನನ್ನೂ ಅವು ನಮ್ಮ ಜೀವಕೋಶದಲ್ಲೇ ಮಾಡಿಸಿಕೊಳ್ಳುತ್ತವೆ. ಆದ್ದರಿಂದ ಈ ಗುಳಿಗೆಗಳು ಅವುಗಳನ್ನು ಮುಟ್ಟುವುದಿಲ್ಲ. ಬದಲಿಗೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಂದು ಭೇದಿ ತರಬಹುದು, ಔಷಧಕ್ಕೆ ಬಗ್ಗದವು ಉಳಿದು ಬೆಳೆಯುತ್ತವೆ.

ಅಮಾಕ್ಸಿಸಿಲಿನ್ ಪೆನಿಸಿಲಿನ್ ಜಾತಿಯದೇ ಆದರೂ, ಪೆನಿಸಿಲಿನ್ ಅಲರ್ಜಿ ಇದೆಯೇ ಎಂದು ಕೌಂಟರಿನಲ್ಲಿ ಕೇಳುವವರು ವಿರಳ. ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುವುದು ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್. ವಾರಗಟ್ಟಲೆ ಕೆಮ್ಮುವವರಿಗೆ ಅದನ್ನು ಕೊಟ್ಟರೆ, ಕ್ಷಯವಿದ್ದರೂ ಕೆಲವು ದಿನ ಕೆಮ್ಮು ತಗ್ಗಿದಂತೆ ಕಂಡು, ಕಫದ ಪರೀಕ್ಷೆ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಐದಾರು ಜನಕ್ಕೆ ರೋಗ ಅಂಟಬಹುದು. ಔಷಧನಿರೋಧಕ ಕ್ಷಯಕ್ಕೆ ಬೇಕಾಗುವ ಇದೇ ಔಷಧ ಆಗ ಕೆಲಸಕ್ಕೆ ಬಾರದಂತಾಗುವ ಅಪಾಯವೂ ಇದೆ.

ಇದೇ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಗಿ ದೇಶಕ್ಕೆ ಪೆನಿಸಿಲಿನ್ ಒದಗಿಸಿತು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಅಂಗಡಿಯಲ್ಲಿ ಯಾರು ಬೇಕಾದರೂ ಕೊಂಡು ಕಡಿಮೆ ಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಔಷಧಕ್ಕೆ ಬಗ್ಗದ ಶಕ್ತಿ ಗಳಿಸುತ್ತವೆಂದು ಎಚ್ಚರಿಸಿದ್ದರು.

ಹೊಸ ಕಾನೂನನ್ನು ನಾನು ಕೇಳುತ್ತಿಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್1 ಎಂಬ, ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯ ನಿಯಮದಂತೆ ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್ ಮುಂತಾದವನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ತಮ್ಮ ಇನ್‌ಸ್ಪೆಕ್ಟರುಗಳು ಅಂಗಡಿಯ ಖರೀದಿ ಬಿಲ್ಲುಗಳನ್ನೂ ಈ ರಿಜಿಸ್ಟರನ್ನೂ ಎದುರುಬದುರು ಇಟ್ಟು ತಾಳೆ ನೋಡಲಿ. ಪೊಟ್ಟಣದ ಮೇಲೆ ಔಷಧದ ಹೆಸರು, ಹೊತ್ತು, ಎಷ್ಟು ದಿನ ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆಯಿಸಿ.

ಚೀಟಿಯ ನಿಯಮವನ್ನು ಬಿಗಿ ಮಾಡಿದರೆ ಬಡವರು ಎಲ್ಲಿಗೆ ಹೋಗಬೇಕೆಂಬ ಆಕ್ಷೇಪ ಸುಳ್ಳಲ್ಲ, ಡಾಕ್ಟರ ಬಳಿ ಹೋದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕಾಗಿ ಆರೋಗ್ಯ ಸಚಿವರೊಡನೆ ಮಾತನಾಡಿ, ಕೂಲಿಕಾರರಿರುವ ಬಡಾವಣೆಗಳ ಪಾಲಿಕೆ ದವಾಖಾನೆಗಳನ್ನು ರಾತ್ರಿ 9ರವರೆಗೆ ತೆರೆದಿಡಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಸಿಸ್ಟ್, ಪಿಂಪ್ರಿ, ಪುಣೆ