ಅಜ್ಜನ ಕೈ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ನರ್ಸಿಂಗ್ ಓದುವ ಮಕ್ಕಳನ್ನು ಕೇಳಿ ನೋಡಿ: ರೋಗಿಯ ಸ್ವಾಯತ್ತತೆ, ಹಿತ ಮಾಡುವುದು, ಕೇಡು ಮಾಡದಿರುವುದು, ನ್ಯಾಯ ಎಂದು ವೈದ್ಯಕೀಯ ನೀತಿಯ ನಾಲ್ಕೂ ತತ್ವಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಅದೇ ಮಕ್ಕಳು ರಾತ್ರಿ ಪಾಳಿಯಲ್ಲಿ, ಮೂಗಿನ ನಳಿಕೆ ಕೀಳಹೋದ ಅಜ್ಜನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಬಿಗಿದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಅವರನ್ನು ದೂರುತ್ತಿಲ್ಲ, ವಾರ್ಡಿನಲ್ಲಿ ಕಂಡದ್ದನ್ನೇ ಕಲಿತಿದ್ದಾರೆ. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ಜನ ನಂಬಿ ಬರುವ ಊರು ದಾವಣಗೆರೆ. ಈ ರೂಢಿ ಇಲ್ಲಿಂದಲೇ ಬದಲಾಗಲಿ.

ನಳಿಕೆಗೆ ಕೈ ಹಾಕಿದರೆ ಮೊದಲು ಕಾರಣ ಹುಡುಕಬೇಕು. ಆಮ್ಲಜನಕ ಇಳಿದಿದೆಯೇ, ಶುಗರ್ ಕಡಿಮೆಯಾಗಿದೆಯೇ, ನೋವಿದೆಯೇ? ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿ. ಮೂತ್ರದ ಪೈಪ್ ತೊಡೆಯಡಿ ಮಡಚಿಕೊಂಡಿದ್ದರೆ ಚೀಲ ಖಾಲಿ, ಕಿಬ್ಬೊಟ್ಟೆ ಕಲ್ಲಿನಂತೆ ಗಟ್ಟಿ. ಪೈಪ್ ನೇರ ಮಾಡಿದ್ದಷ್ಟಕ್ಕೇ ಎಷ್ಟೋ ಜನ ಸುಮ್ಮನಾಗುತ್ತಾರೆ. ಕನ್ನಡಕ ಹಾಕಿ, ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿದರೂ ಗಾಬರಿ ಇಳಿಯುತ್ತದೆ. ಕಾಲು ಮುರಿದು ಸೇರಿದವರು ಎರಡನೇ, ಮೂರನೇ ದಿನ ಬೆವರಿ, ನಡುಗಿ, ಇಲ್ಲದ್ದು ಕಂಡಂತೆ ಕೂಗಾಡಿದರೆ ಕುಡಿತ ಒಮ್ಮೆಲೇ ನಿಂತದ್ದು ಕಾರಣವಿರಬಹುದು. ಮನೆಯವರು ನಾಚಿಕೆಗೆ ಅದನ್ನು ಮುಚ್ಚಿಟ್ಟಿರುತ್ತಾರೆ. ಗದರದೆ ಕೇಳಿ, ಡಾಕ್ಟರಿಗೆ ತಿಳಿಸಬೇಕು. ಅದಕ್ಕೆ ಔಷಧ ಬೇಕು, ಹಗ್ಗವಲ್ಲ.

ಇಷ್ಟೆಲ್ಲ ಆದಮೇಲೂ ಕಟ್ಟಲೇಬೇಕಾದರೆ ಡಾಕ್ಟರ ಲಿಖಿತ ಆದೇಶ, ಕಾರಣ, ಸಮಯ ಕೇಸ್ ಶೀಟಿನಲ್ಲಿರಬೇಕು. ಮನೆಯವರಿಗೆ ವಿಷಯ ಗೊತ್ತಿರಬೇಕು. ತೆಳು ಬ್ಯಾಂಡೇಜ್ ಎಳೆದಷ್ಟೂ ಬಿಗಿಯುತ್ತದೆ, ಚರ್ಮ ಕೊಯ್ಯುತ್ತದೆ, ಬೆರಳು ಊದುತ್ತವೆ. ಅಗಲವಾದ ಮೆತ್ತನೆಯ ಪಟ್ಟಿ ಬಳಸಿ, ಎರಡು ಬೆರಳು ತೂರುವಷ್ಟು ಸಡಿಲ ಬಿಡಬೇಕು. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಪಕ್ಕದ ಸರಳಿಗೆ ಕಟ್ಟಿದರೆ ಸರಳು ಇಳಿಸಿದಾಗ ತೋಳು ಜಗ್ಗುತ್ತದೆ. ಹಾಸಿಗೆಯೊಂದಿಗೆ ಏಳುವ ಚೌಕಟ್ಟಿಗೆ ಕಟ್ಟಬೇಕು. ಅಂಗಾತ ಕಟ್ಟಿ ಮಲಗಿಸಿದವರು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಆದ್ದರಿಂದ ಡಾಕ್ಟರ್ ಬೇಡವೆನ್ನದಿದ್ದರೆ ತಲೆಯ ಭಾಗ ಎತ್ತರಿಸಿರಬೇಕು. ಬೆರಳುಗಳ ಬಣ್ಣ, ಬಿಸಿಯನ್ನು ಆಗಾಗ ನೋಡುತ್ತಿರಬೇಕು. ಎರಡು ಗಂಟೆಗೊಮ್ಮೆಯಾದರೂ ಬಿಚ್ಚಿ ಕೈ ಆಡಿಸಿ, ಮೂತ್ರಕ್ಕೆ ಕೇಳಿ, ಇನ್ನೂ ಕಟ್ಟುವ ಅಗತ್ಯವಿದೆಯೇ ಎಂದು ನೋಡಬೇಕು.

ತಪ್ಪು ಮುಚ್ಚಿಡುವುದು ಇನ್ನೊಂದು ಸಂಕಟ. ನಮ್ಮಲ್ಲಿ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್‌ನದೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಹೋಗುವುದು 20 ಅಲ್ಲ, 50 ಯೂನಿಟ್. ಇಂಥ ತಪ್ಪು ಗೊತ್ತಾದ ಕ್ಷಣವೇ ಶುಗರ್ ನೋಡಿ, ಡ್ಯೂಟಿ ಡಾಕ್ಟರನ್ನು ಕರೆದು, ನಡೆದದ್ದನ್ನು ನಡೆದ ಹೊತ್ತಿನ ಸಮೇತ ಬರೆಯಬೇಕು. ವೈಟ್ನರ್ ಹಚ್ಚುವಂತಿಲ್ಲ. ರೋಗಿಗೂ ಹೇಳಬೇಕು. ಹೇಳಿದ ಸಿಸ್ಟರಿಗೆ ಎಲ್ಲರೆದುರು ಬೈಗುಳ ಬಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ, ಕಷ್ಟ ರೋಗಿಗೆ.

‘ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಸಿಸ್ಟರ್’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೂ ಅಪ್ಪ ನೇರವಾಗಿ ಕೇಳಿದಾಗ ಸುಳ್ಳು ಹೇಳಬಾರದು. ‘ನಿಮಗೆ ಏನೇನು ತಿಳ್ಕೊಬೇಕು ಅನ್ನಿಸಿದೆ ಹೇಳಿ, ಡಾಕ್ಟರನ್ನ ಕರೀತೀನಿ’ ಎನ್ನಬಹುದು. ಎಚ್‌ಐವಿ ಇರುವವರ ಹಾಸಿಗೆಗೆ ಗುರುತು ಹಾಕುವುದಂತೂ ಕೂಡದು. 2017ರ ಕಾಯ್ದೆ ಆ ಗುಟ್ಟನ್ನು ಕಾಪಾಡುತ್ತದೆ, ರಕ್ತ ಮುಟ್ಟುವಾಗ ರೋಗಿ ಯಾರೇ ಆಗಿರಲಿ ಗ್ಲೌಸ್ ಹಾಕಲೇಬೇಕು.

ಇಡೀ ವಾರ್ಡನ್ನು ಒಬ್ಬರೇ ಸಿಸ್ಟರಿಗೆ ಬಿಟ್ಟರೆ ಎರಡು ಗಂಟೆಗೊಮ್ಮೆ ಬಿಚ್ಚಿ ನೋಡುವವರು ಯಾರು? ಜಿಲ್ಲೆಯ ಆಸ್ಪತ್ರೆಗಳು ಪಾಳಿ ಬದಲಾಗುವಾಗ, ಯಾವ ಹಾಸಿಗೆಯವರ ಕೈ ಕಟ್ಟಿದೆ, ಏಕೆ, ಕೊನೆಯ ಬಾರಿ ಬಿಚ್ಚಿದ್ದು ಎಷ್ಟು ಹೊತ್ತಿಗೆ ಎಂದು ಎಲ್ಲರೆದುರು ಓದಿಸಲಿ. ಕಾಲೇಜುಗಳು ಈ ಪಾಠವನ್ನು ಮಂಚದ ಪಕ್ಕದಲ್ಲಿ ನಿಂತು ಮಾಡಲಿ.

ನರ್ಸಿಂಗ್ ಬೋಧಕರು, ದಾವಣಗೆರೆ