ರೀಲ್‌ಗೆ ಮಗೂನ ಒಪ್ಪಿಗೆ ಬೇಡ್ವಾ?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಅಕ್ಟೋಬರ್ 27ರ ವಿಶ್ವ ಆಕ್ಯುಪೇಷನಲ್ ಥೆರಪಿ ದಿನದ ಬಗ್ಗೆ ಅರ್ಧ ಪುಟ ಹಾಕಿದ್ರಿ, ಖುಷಿ ಆಯ್ತು, ನಮ್ ಕಸುಬಿನ ಹೆಸ್ರು ಕನ್ನಡ ಪೇಪರಲ್ಲಿ ಬರೋದೇ ಅಪರೂಪ. ಆದ್ರೆ ಕೊನೇಲಿ 'ಥೆರಪಿಸ್ಟ್‌ಗಳ ರೀಲ್ಸ್ ನೋಡಿ ಪೋಷಕರು ಮನೇಲೇ ಕಲೀಬೋದು' ಅಂತ ಒಂದು ಸಾಲಿತ್ತಲ್ಲ, ಅದು ಮಾತ್ರ ಚುಚ್ತು. ಆ ರೀಲ್ಸ್ ಮಾಡೋರಲ್ಲಿ ನಾನೂ ಒಬ್ಳು. ಪತ್ರ ಉದ್ದ ಆಗತ್ತೆ, ಕತ್ತರಿ ಹಾಕೋದಾದ್ರೆ ಮಧ್ಯದಲ್ಲಿ ಎಲ್ಲಾದ್ರೂ ಹಾಕಿ, ಹುಡುಗನ ಮಾತು ಮಾತ್ರ ಬಿಡ್ಬೇಡಿ.

ನಾನು ಓಟಿ, ಆಕ್ಯುಪೇಷನಲ್ ಥೆರಪಿಸ್ಟ್. ಓಟಿ ಅಂದ್ರೆ ಆಪರೇಷನ್ ಥಿಯೇಟರ್ ಅಲ್ಲ, ಓವರ್ ಟೈಮೂ ಅಲ್ಲ. ಬೋರ್ಡ್ ಓದ್ಕೊಂಡು 'ಮೇಡಂ ಕೆಲ್ಸ ಕೊಡಿಸ್ತೀರಾ' ಅಂತ ಬಯೋಡೇಟಾ ಹಿಡ್ಕೊಂಡು ಬಂದೋರೂ ಇದಾರೆ, ಪಾಪ. ಮಗು ತಾನೇ ಉಣ್ಣೋದು, ಬಟ್ಟೆ ಹಾಕ್ಕೊಳೋದು, ಪೆನ್ಸಿಲ್ ಹಿಡಿಯೋದು, ಆಟ ಆಡೋದು, ಇಂಥ ದಿನದಿನದ ಕೆಲ್ಸ ಬರ್ದೇ ಇದ್ರೆ ಯಾಕ್ ಬರ್ತಿಲ್ಲ ಅಂತ ನೋಡಿ ದಾರಿ ಹುಡುಕೋದು ನಮ್ ಕೆಲ್ಸ. ಇದು ಇಂಡಿಯಾಗೆ ಬಂದು 70 ವರ್ಷ ದಾಟಿದೆ, 1950ರಲ್ಲಿ ಬಾಂಬೆಯ ಕೆಇಎಂ ಆಸ್ಪತ್ರೇಲಿ ಕಮಲಾ ನಿಂಬ್ಕರ್ ಮೊದಲ ಸ್ಕೂಲ್ ಶುರು ಮಾಡಿದ್ರು, 1952ರಲ್ಲಿ ಓಟಿಗಳ ಜಾಗತಿಕ ಒಕ್ಕೂಟ ಹುಟ್ಟಿದಾಗ ಇದ್ದ 10 ದೇಶದಲ್ಲಿ ನಮ್ದೂ ಒಂದು. ಆದ್ರೂ ನಮ್ ತಾಲೂಕಲ್ಲಿ ಇವತ್ತಿಗೂ ನನ್ನ 'ಫಿಜಿಯೋ ಮೇಡಂ' ಅಂತಾನೇ ಕರೆಯೋದು. ಅದಕ್ಕೇ ಇನ್‌ಸ್ಟಾಗ್ರಾಂಗೆ ಇಳಿದಿದ್ದು. ಜನಕ್ಕೆ ಗೊತ್ತಾಗ್ಲಿ ಅಂತ.

ಎರಡು ವರ್ಷದ ಹಿಂದೆ ಒಂಬತ್ತು ವರ್ಷದ ಹುಡುಗ ಬರ್ತಿದ್ದ. ಮಗ್ಗಿ 19ರ ತನಕ ಗಡಗಡ ಹೇಳೋನು, ಆದ್ರೆ ಶರ್ಟ್ ಗುಂಡಿ ಹಾಕ್ಕೊಳಕ್ಕೆ ಬರ್ತಿರ್ಲಿಲ್ಲ, ಶೂ ಲೇಸಂತೂ ಬಿಡಿ. ಕೈಗೂ ಕಣ್ಣಿಗೂ ಹೊಂದಾಣಿಕೆ ಆಗದ ಈ ತೊಂದ್ರೆ ಶಾಲೆ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಜನಕ್ಕೆ ಇರತ್ತೆ ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಹೇಳತ್ತೆ, ಹೆಸ್ರು ಡಿಸಿಡಿ, ನಮ್ ಕಡೆ ಅದಕ್ಕೆ 'ಸೋಮಾರಿ' ಅಂತ ಹೆಸ್ರು. ಗುಂಡಿ ಕಲ್ಸೋಕೆ ನಾವು ಕೊನೆಯಿಂದ ಶುರು ಮಾಡ್ತೀವಿ, ಗುಂಡೀನ ಅರ್ಧ ಕಾಜಾದೊಳಗೆ ನಾವೇ ತೂರಿಸಿ ಕೊಡೋದು, ಆಚೆ ಕಡೆಯಿಂದ ಎಳೆಯೋದಷ್ಟೇ ಮಗುದು, ಅದು ಸಲೀಸಾದ್ಮೇಲೆ ಒಂದು ಹೆಜ್ಜೆ ಹಿಂದೆ, ಆಮೇಲೆ ಇನ್ನೊಂದು. ಹಿಂಗೆ ಮಾಡಿದ್ರೆ ಪ್ರತಿ ಸಲ ಕೆಲ್ಸ ಮುಗಿಸಿದ ಖುಷಿ ಮಗೂಗೇ ಸಿಗತ್ತೆ. ನಾಲ್ಕು ತಿಂಗಳಾಯ್ತು, ಕಾಲರ್ ಗುಂಡಿ ಬಿಟ್ಟು ಎಲ್ಲಾ ಬಂತು.

ನಾನೇನ್ ಮಾಡ್ದೆ, ಮೊದಲನೇ ದಿನದ ವಿಡಿಯೋ ಇತ್ತು, ನಾಲಿಗೆ ಹೊರಗೆ ಹಾಕ್ಕೊಂಡು, ಮುಖ ಕೆಂಪು ಮಾಡ್ಕೊಂಡು, ಕೊನೇಗೆ ಅಳ್ತಾ ಶರ್ಟ್ ಬಿಸಾಕಿದ್ದು. ಅದನ್ನ ಮೊದಲು ಹಾಕ್ದೆ, ಆಮೇಲೆ ಗುಂಡಿ ಹಾಕ್ಕೊಂಡು ನಗ್ತಿರೋದು, ಹಿಂದೆ ಒಂದು ಮ್ಯೂಸಿಕ್. ಅವ್ರಮ್ಮನ್ನ ಕೇಳಿದ್ದೆ, 'ಹಾಕಿ ಮೇಡಂ, ನಾಲ್ಕು ಜನಕ್ಕೆ ಅನುಕೂಲ ಆಗ್ಲಿ' ಅಂದಿದ್ರು. 62 ಸಾವಿರ ಜನ ನೋಡಿದ್ರು, ಅಲ್ಲೀತನಕ ನನ್ ರೀಲ್‌ಗಳು ಇನ್ನೂರು ದಾಟಿರ್ಲಿಲ್ಲ. ಫೋನ್ ಮೇಲೆ ಫೋನ್. ಸುಳ್ ಯಾಕೆ, ಹಿಗ್ಗಿದ್ದೆ.

ಎರಡು ವಾರ ಹುಡುಗ ಬರ್ಲಿಲ್ಲ. ಹೊಟ್ಟೆ ನೋವು ಅಂತ ಅಮ್ಮ ಹೇಳಿದ್ರು. ಆಮೇಲೊಂದು ಶನಿವಾರ ಬಂದ, ಟೀಶರ್ಟ್ ಹಾಕ್ಕೊಂಡು. ಯೂನಿಫಾರಂ ಬಿಟ್ಟು ಗುಂಡಿ ಇರೋ ಬಟ್ಟೇನೇ ಮುಟ್ಟಲ್ಲ ಅಂತಾನೆ, ಸ್ಕೂಲ್ ವ್ಯಾನಲ್ಲಿ ಎಲ್ರೂ 'ಗುಂಡಿ' ಅಂತ ಕರೀತಾರಂತೆ. ಮ್ಯಾಟ್ ಮೇಲೆ ಕೂತು ಕಡ್ಡಿ ಸಿಕ್ಕಿಸೋ ಪೆಗ್ ಬೋರ್ಡ್ ನೋಡ್ತಾ ಇದ್ದ, ನನ್ನ ನೋಡ್ಲೇ ಇಲ್ಲ. ಆಮೇಲೆ ಕೇಳ್ದ, 'ಮಿಸ್, ಬಂದಿದ್ ಹಾಕಿದ್ರೆ ಸಾಕಿತ್ತಲ್ಲ, ಬರ್ದೇ ಇದ್ದಿದ್ ಯಾಕ್ ಹಾಕಿದ್ರಿ?'

ಆಗ್ಲೇ ರೀಲ್ ಡಿಲೀಟ್ ಮಾಡ್ದೆ. ಏನ್ ಬಂತು, ಅಷ್ಟೊತ್ತಿಗೆ ವಾಟ್ಸಾಪಲ್ಲಿ ಊರೆಲ್ಲಾ ಸುತ್ತಿತ್ತು, ಮೊನ್ನೆ ಮೊನ್ನೆ ನನ್ ನಾದಿನೀಗೇ ಯಾರೋ ಕಳ್ಸಿದ್ರು, 'ನೋಡಿ ಎಷ್ಟು ಚೆನ್ನಾಗಿದೆ' ಅಂತ.

ಇಲ್ಲೊಂದು ವಿಷ್ಯ ನಿಮ್ ಓದುಗರಿಗೆ ಹೇಳ್ಲೇಬೇಕು. ನಾನು ಎಂಒಟಿ, ಅಂದ್ರೆ ಓಟೀಲಿ ಮಾಸ್ಟರ್ಸ್, ಮಾಡೋವಾಗ ಮಕ್ಕಳ ಕೈಬರಹದ ಮೇಲೆ ಒಂದು ಚಿಕ್ಕ ಥೀಸಿಸ್ ಮಾಡಿದ್ದೆ. ಮಕ್ಕಳ ಮೇಲೆ ಸಂಶೋಧನೆ ಅಂದ್ರೆ ಎಥಿಕ್ಸ್ ಕಮಿಟಿ ಒಪ್ಪಬೇಕು, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನಿಯಮಾವಳಿ ಇದೆ, ಅಪ್ಪ ಅಮ್ಮನ ಸಹಿ ಸಾಲ್ದು, 7 ವರ್ಷ ದಾಟಿದ ಮಗೂನ ಅದ್ರ ಭಾಷೇಲೇ ಕೇಳ್ಬೇಕು, 12ರ ತನಕ ಅಪ್ಪ ಅಮ್ಮನ ಎದುರು ಬಾಯ್ಮಾತಲ್ಲಿ ಹೂಂ ಅಂದ್ರೆ ಸಾಕು, 12 ದಾಟಿದ್ರೆ ಬರವಣಿಗೇಲಿ. ನನ್ನ ಕನ್ನಡ ಫಾರ್ಮನ್ನ ಕಮಿಟಿಯೋರು ಎರಡು ಸಲ ವಾಪಸ್ ಕಳ್ಸಿದ್ರು, 'ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿದ್ದು' ಅಂತ ಬರ್ದಿದ್ದೆ, ಮೂರನೇ ಕ್ಲಾಸ್ ಹುಡ್ಗೀಗೆ ಇದೇನ್ರೀ ಅರ್ಥ ಆಗತ್ತೆ ಅಂತ ಬೈದ್ರು. ಆಮೇಲೆ 'ನಿಂಗೆ ಇಷ್ಟ ಇದ್ರೆ ಮಾಡು, ಸಾಕು ಅನ್ಸಿದ್ರೆ ಎದ್ದು ಹೋಗು, ಯಾರೂ ಬೈಯಲ್ಲ' ಅಂತ ಬರೆದೆ, ಪಾಸಾಯ್ತು. ಒಂದು ಮಗು ನಿಜವಾಗ್ಲೂ ಎದ್ದು ಹೋಯ್ತು.

ಈಗ ನೋಡಿ, ನಾಲ್ಕು ಜನ ಪರೀಕ್ಷಕರು ಓದಿ ಬೀರುಗೆ ಸೇರೋ ಥೀಸಿಸ್‌ಗೆ ಇಷ್ಟು ಕಟ್ಟುಪಾಡು, ಮಗೂನ ಹೆಸ್ರಿಲ್ಲ, ಫೋಟೋ ಇಲ್ಲ, ಬರೀ ನಂಬರ್. 62 ಸಾವಿರ ಜನ ನೋಡೋ ರೀಲ್‌ಗೆ ಅವ್ರಮ್ಮ 'ಹಾಕಿ ಮೇಡಂ' ಅಂದ್ರೆ ಮುಗೀತು. ಆ 'ಹಾಕಿ ಮೇಡಂ' ಅನ್ನೋದೂ ಎಂಥದ್ದು ಅಂತ ಯೋಚ್ನೆ ಮಾಡಿ. ಅವ್ರಿಗೆ ನಾನು ಫೀಸಲ್ಲಿ ಸ್ವಲ್ಪ ಬಿಟ್ಟಿದ್ದೆ, ಸುತ್ತಮುತ್ತ ಬೇರೆ ಓಟಿ ಇಲ್ಲ, ಮಂಗಳವಾರ ನಾಲ್ಕು ಗಂಟೆ ಟೈಮ್ ತಪ್ಪಿದ್ರೆ ಇನ್ನೊಂದು ಸಿಗಲ್ಲ, ಅವ್ರು ಹೆಂಗೆ ಬೇಡ ಅಂತಾರೆ? 2023ರ ಡಿಜಿಟಲ್ ಡೇಟಾ ಕಾಯ್ದೇಲೂ 18ರ ಒಳಗಿನೋರಿಗೆ ಅಪ್ಪ ಅಮ್ಮನ ಒಪ್ಪಿಗೆ ಅಂತಿದೆ. ಹುಡುಗನ್ನ ಕೇಳಿದ್ರೆ ಒಂದೇ ನಿಮಿಷದಲ್ಲಿ ಹೇಳಿರೋನು.

ನಾವು ಏಳೆಂಟು ಓಟಿಗಳು, ಮಣಿಪಾಲದಲ್ಲಿ ಜೊತೇಲಿ ಓದಿದೋರು, ತಿಂಗಳಿಗೊಂದ್ಸಲ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲಲ್ಲಿ ಸೇರ್ತೀವಿ, ಕೇಸ್ ಮಾತಾಡೋದು, ಅರ್ಧ ಹೊತ್ತು ಹರಟೆ. ಅಲ್ಲಿ ಇದನ್ನ ಹೇಳ್ಕೊಂಡೆ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ಆಮೇಲೆ ಒಬ್ಬೊಬ್ರೇ ಶುರು ಮಾಡಿದ್ರು. ಬೆಂಗಳೂರಲ್ಲಿ ಕೆಲ್ಸ ಮಾಡೋಳಿಗೆ ಸೆಂಟರ್‌ನೋರು ವಾರಕ್ಕೆ ನಾಲ್ಕು ರೀಲ್ ಅಂತ ಟಾರ್ಗೆಟ್ ಕೊಟ್ಟಿದಾರಂತೆ, ಥೆರಪಿ ಮಾಡ್ತಾ ಮಾಡ್ತಾ ಇನ್ನೊಬ್ಬ ಮೊಬೈಲ್ ಹಿಡ್ಕೊಂಡು ನಿಂತಿರ್ತಾನೆ, ಮಗು ಅವನನ್ನೇ ನೋಡ್ತಿರತ್ತೆ. ಮಂಗಳೂರಿನೋಳು ರೀಲ್‌ಗೆ 'ನನ್ ಮಗನಿಗೂ ಇದೇ ಇದ್ಯಾ' ಅಂತ ಬರೋ ಮೆಸೇಜಿಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ ಮೆಸೇಜೇ ಆಫ್ ಮಾಡಿದಾಳೆ. ಕಲಬುರಗಿ ಕಡೆಯೋಳು ಮಾತ್ರ ಬೇರೆ ಹೇಳಿದ್ಲು. ಒಬ್ಳು ತಾಯಿ ಎರಡು ಬಸ್ ಬದಲಾಯ್ಸಿ ಬಂದ್ಲಂತೆ, ಕೈಯಲ್ಲಿ ಮೊಬೈಲು, ಅದ್ರಲ್ಲಿ ಯಾವುದೋ ರೀಲಿನ ಸ್ಕ್ರೀನ್‌ಶಾಟು. ಮಗೂಗೆ ಮೂರು ವರ್ಷ, ಎಡಗೈ ಮುಷ್ಟಿ ಬಿಚ್ಚಲ್ಲ, ಊರಲ್ಲಿ ಎಲ್ಲಾ 'ದೊಡ್ಡೋನಾದ್ರೆ ಸರಿ ಹೋಗ್ತಾನೆ' ಅಂದಿದ್ರು. ಆ ರೀಲ್ ಇಲ್ದಿದ್ರೆ ಅವ್ಳು ಬರ್ತಿರ್ಲಿಲ್ಲ. ಅದಕ್ಕೇ ರೀಲ್ಸೇ ಬೇಡ ಅಂತ ನಾನ್ ಹೇಳಲ್ಲ. 2013ರಿಂದ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆ ಇದೆ, ಅಂಗನವಾಡಿ ಶಾಲೆಗೆಲ್ಲಾ ತಂಡ ಬಂದು ಮಕ್ಕಳನ್ನ ನೋಡತ್ತೆ, ಬೆಳವಣಿಗೆ ತಡ ಇದ್ರೆ ಜಿಲ್ಲಾ ಕೇಂದ್ರಕ್ಕೆ ಕಳಿಸ್ತಾರೆ, ಇದನ್ನ ಹೇಳೋ ರೀಲ್ ಎಷ್ಟಿವೆ ಹೇಳಿ?

ಬದ್ಲಿಗೆ ಓಡೋದು ಬೇರೇನೇ. 2022ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ತನ್ನ ಬೆಳವಣಿಗೆ ಪಟ್ಟಿಯಿಂದ ಅಂಬೆಗಾಲು ತೆಗೀತು. ನೂರರಲ್ಲಿ 75 ಮಕ್ಕಳಾದ್ರೂ ಆ ವಯಸ್ಸಿಗೆ ಮಾಡೋದನ್ನ ಮಾತ್ರ ಇಟ್ಕೊಂಡ್ರು, ಅಂಬೆಗಾಲು ಇಡದೇನೇ ನಡೆಯೋ ಮಕ್ಕಳೂ ಇರ್ತಾವಲ್ಲ. ಅಷ್ಟೇ ವಿಷ್ಯ. ಇಲ್ಲಿ ಒಬ್ರು 'ಅಂಬೆಗಾಲು ಬೇಡ್ವಂತೆ' ಅಂತ ರೀಲ್ ಮಾಡಿದ್ರು, ಇನ್ನೊಬ್ರು 'ಅಂಬೆಗಾಲು ಇಡದಿದ್ರೆ ಮಗು ಓದಲ್ಲ' ಅಂತ ಹೆದರ್ಸಿದ್ರು, ನನ್ ಹತ್ರ ಬಂದ ತಾತ ಒಬ್ರು ನಡೆಯೋ ಮೊಮ್ಮಗನ್ನ ಹಿಡಿದು ಮಂಡಿ ಊರಿಸ್ತಿದ್ರು. ಭಾರದ ಕಂಬಳಿ, ಅಂದ್ರೆ ಒಳಗೆ ತೂಕ ತುಂಬಿ ಹೊಲಿದ ಹೊದಿಕೆ, ಅದ್ರ ಕತೆ ಇನ್ನೊಂದು. ಆಟಿಸಂ ಮಗು ನಿದ್ದೆ ಮಾಡತ್ತೆ ಅಂತ ರೀಲ್ ನೋಡಿ ಪೋಷಕರೊಬ್ರು ಸಾವಿರಾರು ರೂಪಾಯಿ ಕೊಟ್ಟು ತರ್ಸಿದ್ರು, ಏಪ್ರಿಲ್ ತಿಂಗಳಲ್ಲಿ, ತುಮಕೂರ್ ಕಡೆ ಸೆಖೇಲಿ! ಇಂಗ್ಲೆಂಡಲ್ಲಿ 67 ಮಕ್ಕಳ ಮೇಲೆ ಇದನ್ನ ಪರೀಕ್ಷೆ ಮಾಡಿ 2014ರಲ್ಲೇ ಬರ್ದಿದಾರೆ, ಮಕ್ಕಳಿಗೆ ಕಂಬಳಿ ಇಷ್ಟ ಆಯ್ತು ಆದ್ರೆ ನಿದ್ದೆ ಏನೂ ಜಾಸ್ತಿ ಆಗ್ಲಿಲ್ಲ ಅಂತ. ಇದನ್ನ ನಾನು ರೀಲ್ ಮಾಡ್ದೆ, ನೋಡಿದೋರು 140 ಜನ, ಅದ್ರಲ್ಲಿ ನಮ್ ಮನೆಯೋರೇ ಹತ್ತು.

ನಂಗೆ ನಿಜವಾಗ್ಲೂ ಬೇಜಾರಾಗೋದು ಇನ್ನೊಂದು ಕಡೆ. ನಾವು ಮಕ್ಕಳನ್ನ ಅಳೆಯೋ ಪಟ್ಟಿಗಳು ಹೆಚ್ಚಾಗಿ ಹೊರಗಿಂದ ಬಂದಿದ್ದು. 1992ರ ಒಂದು ಅಮೆರಿಕದ ಪಟ್ಟಿ ಇದೆ, ಹೆಸ್ರು ಪೀಡಿ, ನಗ್ಬೇಡಿ. ಅದ್ರಲ್ಲಿ ಮಗು ಫೋರ್ಕ್ ಚೆನ್ನಾಗಿ ಬಳಸತ್ತಾ, ಚಾಕೂಲಿ ಬ್ರೆಡ್ಡಿಗೆ ಬೆಣ್ಣೆ ಸವರತ್ತಾ, ಟಾಯ್ಲೆಟ್ ಪೇಪರ್ ತಗೊಳತ್ತಾ ಅಂತ ಕೇಳ್ತಾರೆ. ನಮ್ ಹುಡುಗ್ರು ಮುದ್ದೆ ಮುರೀತಾರೆ. ಮುದ್ದೆ ಮುರಿಯೋದು ಸುಮ್ನೆ ಅಂದ್ಕೊಂಡ್ರಾ? ಬೆರಳನ್ನ ಮೊದಲು ಸಾರಲ್ಲಿ ಒದ್ದೆ ಮಾಡ್ಕೊಬೇಕು, ಬಿಸಿ ತಡ್ಕೊಬೇಕು, ಹೆಬ್ಬೆರಳಲ್ಲಿ ತುಣುಕು ಮುರ್ದು ಅಂಗೈ ತಾಗಿಸದೆ ಬೆರಳ ತುದೀಲೇ ಉಂಡೆ ಮಾಡಿ ಅದ್ದಿ ನುಂಗ್ಬೇಕು, ಜಾಸ್ತಿ ಒತ್ತಿದ್ರೆ ಅಂಟತ್ತೆ, ಕಮ್ಮಿ ಒತ್ತಿದ್ರೆ ಸಾರಲ್ಲೇ ಬಿಚ್ಕೊಳತ್ತೆ. ಎಷ್ಟನೇ ವಯಸ್ಸಿಗೆ ಮಗು ಇದನ್ನ ಮಾಡ್ಬೇಕು ಅಂತ ಆ ಪಟ್ಟೀಲಿ ಎಲ್ಲಿದೆ? ಹೂ ಕಟ್ಟೋದು, ಚಕ್ಕಳಮಕ್ಕಳ ಹಾಕಿ ಊಟ ಮುಗಿಯೋ ತನಕ ಕೂರೋದು, ಕುಂಟೆಬಿಲ್ಲೇಲಿ ಗೆರೆ ಮುಟ್ಟದೆ ತಿರುಗೋದು, ಇವುನ್ನ ನಾನು ಒಂದು ನೋಟ್ ಬುಕ್ಕಲ್ಲಿ ಬರ್ಕೊತಿದೀನಿ. ಸಂಶೋಧನೆ ಅಲ್ಲ ಅದು, ಬರೀ ಲೆಕ್ಕ. ಆದ್ರೆ ಕಾಲೇಜಿನೋರು, ನಮ್ಮಂಥ ಸಣ್ಣ ಊರಿನ ಓಟಿಗಳು, ಅಪ್ಪ ಅಮ್ಮಂದ್ರು ಸೇರಿದ್ರೆ ಸರಿಯಾದ ಸಂಶೋಧನೇನೇ ಆಗ್ಬೋದು. ಅದಕ್ಕೆ ಕರೆದ್ರೆ ಜನ ಬರಲ್ಲ, 'ನಮ್ ಮಗು ಮೇಲೆ ಪ್ರಯೋಗನಾ' ಅಂತಾರೆ. ಮುಖ ತೋರಿಸೋ ರೀಲ್‌ಗೆ ಹೂಂ ಅಂದೋರೇ ಹೆಸರಿಲ್ಲದ ಫಾರ್ಮಿಗೆ ಹೆದರ್ತಾರೆ!

ಈಗ ನಾನು ಮಕ್ಕಳ ಮುಖ ತೆಗೆಯಲ್ಲ. ಹೋದ ಅವರೆಕಾಯಿ ಸೀಸನ್ನಲ್ಲಿ ಹಿದ್ಕಿದ ಬೇಳೇದು ಒಂದು ಮಾಡ್ದೆ, ನೆನೆಸಿದ ಕಾಳನ್ನ ಎರಡೇ ಬೆರಳಲ್ಲಿ ಹಿದುಕಿದ್ರೆ ಬೇಳೆ ಪುಳಕ್ ಅಂತ ಹಾರಿ ಬರತ್ತಲ್ಲ, ಪೆನ್ಸಿಲ್ ಹಿಡಿಯೋ ಬೆರಳಿಗೆ ಇದಕ್ಕಿಂತ ಒಳ್ಳೆ ಆಟ ನಂಗ್ ಗೊತ್ತಿಲ್ಲ. ವಿಡಿಯೋದಲ್ಲಿ ಇದ್ದಿದ್ದು ನಮ್ಮಮ್ಮನ ಕೈ, ಒಂದು ಸ್ಟೀಲ್ ತಟ್ಟೆ, ಅಷ್ಟೇ. ಮೂರು ಸಾವಿರ ಜನ ನೋಡಿದ್ರು, 62 ಎಲ್ಲಿ 3 ಎಲ್ಲಿ. ಆದ್ರೆ ಶಿರಾ ಕಡೆಯ ಒಬ್ರು ಅಜ್ಜಿ ಫೋನ್ ಮಾಡಿ, ಮೊಮ್ಮಗಳನ್ನ ಕೂರಿಸ್ಕೊಂಡು ಒಂದು ಸೇರು ಹಿದುಕಿಸಿದೆ ಕಣಮ್ಮಾ, ಅರ್ಧ ಬೇಳೆ ನೆಲದ ಮೇಲೇ ಹೋಯ್ತು ಅಂತ ಬೈದ್ರು.

ನಿಮ್ಮಲ್ಲೂ ಒಂದು ಕೇಳ್ಕೊಳೋದಿದೆ. ಪ್ರತಿ ಡಿಸೆಂಬರ್ 3ಕ್ಕೆ ಅಂಗವಿಕಲರ ದಿನ ಅಂತ ವಿಶೇಷ ಶಾಲೆ ಮಕ್ಕಳ ಫೋಟೋ ಹಾಕ್ತೀರಲ್ಲ, ಬ್ರೆಡ್ ಹಣ್ಣು ಕೊಡೋ ಅತಿಥಿಗಳ ಪಕ್ಕ ನಿಲ್ಸಿ, ಊರಿನ ಹೆಸ್ರು ಶಾಲೆ ಹೆಸ್ರು ಸಮೇತ. ಈ ಸಲ ಕ್ಯಾಮೆರಾ ಎತ್ತೋ ಮುಂಚೆ ಆ ಮಕ್ಕಳನ್ನ ಒಂದ್ಮಾತು ಕೇಳೋಕೆ ನಿಮ್ ವರದಿಗಾರರಿಗೆ ಹೇಳಿ. ಮಾತು ಬಾರದ ಮಕ್ಕಳೂ ಬೇಡ ಅಂತ ಹೇಳ್ತಾರೆ, ಮುಖ ತಿರುಗಿಸ್ತಾರೆ, ಕೈ ಅಡ್ಡ ಇಡ್ತಾರೆ. ನೋಡೋರು ನೋಡ್ಬೇಕಷ್ಟೇ.

ನನ್ ಹೆಸ್ರು ಊರು ಹಾಕ್ಬೇಡಿ, ಹಾಕಿದ್ರೆ ಆ ಹುಡುಗ ಯಾರು ಅಂತ ನಮ್ ಕಡೆ ಎಲ್ರಿಗೂ ಗೊತ್ತಾಗತ್ತೆ. ಈ ಪತ್ರ ಬರಿಯೋ ಮುಂಚೆ ಅವನನ್ನ ಕೇಳಿದೀನಿ. ಈಗ ಹನ್ನೊಂದು ವರ್ಷ, ಲೇಸ್ ಕಟ್ಟೋದು ಇನ್ನೂ ನಡೀತಿದೆ. ಬರೀರಿ ಅಂದ. ಲೇಸ್ ಕಟ್ಟೋದು ಬಂದ್ಮೇಲೆ ಅದ್ರದ್ದೊಂದು ವಿಡಿಯೋ ತೆಗೀಲಾ ಅಂತನೂ ಕೇಳ್ದೆ. ಸ್ವಲ್ಪ ಯೋಚ್ನೆ ಮಾಡಿ, 'ಕಾಲು ಮಾತ್ರ ತೆಗೀರಿ ಮಿಸ್, ಸ್ಕೂಲ್ ಶೂ ಬೇಡ, ಅಣ್ಣಂದು ಹಾಕ್ಕೊಂಡ್ ಬರ್ತೀನಿ' ಅಂದ.

ಇಂತಿ,
ಒಬ್ಬ ಓಟಿ, ತುಮಕೂರು ಜಿಲ್ಲೆ